ಬೀಡು ಬಿಡುವ ಮುನ್ನ

ದಿಲ್ಲಿಯಲ್ಲಿ ಮೇ ತಿಂಗಳ ಬಿಸಿಗಾಳಿ ಬೀಸತೊಡಗಿದ ಮೇಲೆ ಮನುಷ್ಯನ ಬುದ್ಧಿ ನೆಟ್ಟಗೆ ನಿಲ್ಲುವುದಿಲ್ಲವೆಂದು ಇಲ್ಲಿ ಬಹುಕಾಲದಿಂದ ನೆಲೆಸಿದವರು ಹೇಳುತ್ತಾರೆ. ನಮ್ಮ ಮನೆಯಲ್ಲಿ ಅದು ನಿಜವಾಯಿತು. ಮಕ್ಕಳಿಗೆ ಶಾಲೆಯ ರಜೆ. ಊರಿಗೆ ಹೋಗೋಣವೆಂದರೆ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಜಾಗವಿಲ್ಲ. ಶಿಮ್ಲಾಕ್ಕೋ ಮಸ್ಸೂರಿಗೋ ಹೋಗೋಣವೆಂದರೆ ಹೋಟೆಲಿನ ಬಾಡಿಗೆ ಕೇಳಿಯೇ ಬೆವರು ಇನ್ನಷ್ಟು ಹರಿಯುತ್ತದೆ. ಒಂದು ಸಂಜೆ ರೋಹಿಣಿಯ ಜಪಾನೀ ಪಾರ್ಕಿನ ಹುಲ್ಲಿನ ಮೇಲೆ ಕುಳಿತು ಈ ಚಿಂತೆಯನ್ನೇ ಮೆಲುಕುಹಾಕುತ್ತಿದ್ದಾಗ ಅಮೆರಿಕೆಯಲ್ಲಿರುವ ನನ್ನ ಭಾವಮೈದುನನಿಂದ ಫೋನು ಬಂತು.

ಅವನು ಅಲ್ಲಿ ಒಂದು ಟ್ರೇಲರ್ ಕೊಂಡಿದ್ದ. ಟ್ರೇಲರ್ ಎಂದರೆ ಮೋಟಾರಿನ ಬೆನ್ನಿಗೆ ಕೊಂಡಿ ಹಾಕಿ ಎಳೆದುಕೊಂಡು ಹೋಗುವ ಪುಟ್ಟ ಮನೆ. ಅದರೊಳಗೆ ಹಾಸಿಗೆ, ಒಲೆ, ತಂಗಳುಪೆಟ್ಟಿಗೆ, ಶೌಚಗೃಹ ಎಲ್ಲವೂ ಉಂಟು. ಎಲ್ಲಿ ಮನಸ್ಸಾಯಿತೋ ಅಲ್ಲಿ ನಿಲ್ಲಿಸಿ ಮಲಗಬಹುದು ಎಂದು ಅವನು ಬಣ್ಣಿಸಿದ. ನಾನು ಅದನ್ನು ಕೇಳಿ ಮರುಳಾದೆ. ಅಂಥದೇ ಒಂದು ಗಾಡಿಮನೆ ಇಲ್ಲಿ ಬಾಡಿಗೆಗೆ ಸಿಕ್ಕೀತೇ ಎಂದು ಹುಡುಕಿದೆ. ಎಳೆಯುವ ಟ್ರೇಲರ್ ಸಿಗಲಿಲ್ಲ. ಆದರೆ ಮನೆಯೂ ಮೋಟಾರೂ ಒಂದೇ ಆಗಿರುವ ಗಾಡಿಯೊಂದು ಚಾಲಕನ ಸಮೇತ ಸಿಕ್ಕಿತು. ನಾನು, ನಮ್ಮ ಮನೆಯವರು, ಇಬ್ಬರು ಮಕ್ಕಳು, ನನ್ನ ತಾಯಿ, ಚಾಲಕ ಹೀಗೆ ಆರು ಜನ ಕುಲ್ಲು ಕಣಿವೆಗೆ ಹೊರಟೆವು. ಹೋಗಿ ಬಂದೆವು. ಸುಖವಾಗಿಯೇ ಬಂದೆವು. ಆದರೆ ಹೋಗುವ ಮುನ್ನ ತಿಳಿಯಬೇಕಾಗಿದ್ದ ಕೆಲವು ಸಂಗತಿಗಳು ಹೋದ ಮೇಲೆ ತಿಳಿದವು. ನಮ್ಮವರಲ್ಲಿ ಅನೇಕರು ಈಚೆಗೆ ಗುಡಾರ, ಗಾಡಿ ಎಂದು ಬೆಟ್ಟದ ಕಡೆಗೆ ಮುಖ ಮಾಡುತ್ತಿರುವುದರಿಂದ ಅವನ್ನು ಇಲ್ಲಿ ಹೇಳಿಕೊಳ್ಳುವುದು ಉಚಿತವೆಂದು ತೋರುತ್ತದೆ.

ಗಾಡಿಯೊಳಗಿನ ಸಂಸಾರ

ಗಾಡಿಮನೆಯೆಂಬುದು ಹೊಸದೇನಲ್ಲ. ವಿನೋದಕ್ಕಾಗಿ ಇಂಥ ಗಾಡಿಯನ್ನು ಮೊದಲು ಕಟ್ಟಿಸಿದವನೆಂದು ಹೆಸರಾದವನು ಗಾರ್ಡನ್ ಸ್ಟೇಬಲ್ಸ್. ಅವನು ಬ್ರಿಟಿಷ್ ನೌಕಾದಳದಲ್ಲಿ ವೈದ್ಯನಾಗಿದ್ದು, ತರುವಾಯ ಹುಡುಗರಿಗಾಗಿ ಸಾಹಸದ ಕಥೆಗಳನ್ನು ಬರೆದವನು. ೧೮೮೫ರಲ್ಲಿ ಅವನು ‘ವಾಂಡರರ್’ ಎಂಬ ಗಾಡಿಯನ್ನು ಮಾಡಿಸಿ, ಎರಡು ಕುದುರೆ ಹೂಡಿ, ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನವರೆಗೆ ಸವಾರಿ ಹೊರಟ. ಅದನ್ನು ಓದಿದಾಗ ನನಗೆ ನಗು ಬಂತು. ಉತ್ತರ ಕರ್ನಾಟಕದ ನಮ್ಮ ರೈತರು ಕೊಲ್ಲಾರಿ ಬಂಡಿ ಕಟ್ಟಿಕೊಂಡು, ಅದರಲ್ಲೇ ರೊಟ್ಟಿಯ ಗಂಟು, ಹಾಸಿಗೆ, ಮಕ್ಕಳು ಮರಿಗಳನ್ನು ತುಂಬಿಕೊಂಡು, ಸವದತ್ತಿ ಯಲ್ಲಮ್ಮನ ಗುಡ್ಡಕ್ಕೋ ಬಾದಾಮಿಯ ಬನಶಂಕರಿಯ ಜಾತ್ರೆಗೋ ಹೋಗುವುದು ಇದಲ್ಲದೆ ಮತ್ತೇನು? ನಾವು ಅದಕ್ಕೆ ವಿನೋದವೆಂದು ಹೆಸರಿಡಲಿಲ್ಲ, ಅಷ್ಟೆ.

ಭಾವಮೈದುನ ಮೊದಲ ಸಲ ಹೊಗಳಿದವನು ಎರಡನೆಯ ಸಲ ಫೋನು ಮಾಡಿದಾಗ ಗೋಳು ತೋಡಿಕೊಂಡ. ಟ್ರೇಲರನ್ನು ಹಿಮ್ಮುಖವಾಗಿ ನಡೆಸುವುದು ದೊಡ್ಡ ಕಷ್ಟವಂತೆ. ಮೋಟಾರಿನ ಹಿಂಭಾಗ ಎಡಕ್ಕೆ ಹೋದರೆ ಗಾಡಿಯ ಹಿಂಭಾಗ ಬಲಕ್ಕೆ ಹೋಗುತ್ತದೆ. ನೂರು ಜನರೆದುರು ಅದನ್ನು ಎರಡು ಮರಗಳ ನಡುವೆ ತೂರಿಸುವುದರೊಳಗಾಗಿ ಗಂಡ ಹೆಂಡತಿಗೆ ಮಾತು ನಿಂತಿರುತ್ತದೆಯಂತೆ. ಸಾಮಾನನ್ನು ಹಿಂದೆ ಹೆಚ್ಚು ತುಂಬಿದರೆ ಹೆದ್ದಾರಿಯಲ್ಲಿ ಟ್ರೇಲರ್ ಹಾವಿನಂತೆ ಹೊರಳಾಡಿ ಮೋಟಾರನ್ನೂ ಎಳೆದು ಬೀಳಿಸೀತು. ಆದುದರಿಂದ ಒಟ್ಟು ತೂಕದ ಹತ್ತರಲ್ಲೊಂದು ಪಾಲಿಗಿಂತ ತುಸು ಹೆಚ್ಚು ಮುಂದಿನ ಕೊಂಡಿಯ ಮೇಲೆ ಬೀಳುವಂತೆ ಹೇರಬೇಕು. ಇದನ್ನು ನಾನು ತಾಯಿಗೆ ಹೇಳಿದೆ. ಆಕೆ ಸವಣೂರಿನ ಕಡೆಯ ಹಳ್ಳಿಯಲ್ಲಿ ಹುಟ್ಟಿ ಬೆಳೆದವಳು. “ಅದರಾಗ ಹೊಸಾದೇನೈತಿ? ಬಂಡಿ ಹಿಂಭಾರ ಆತಂದ್ರ ನೊಗ ಮ್ಯಾಲಕ್ಕೆದ್ದು ಎತ್ತಿನ ಕೊಳ್ಳು ಬಿಗೀತೈತಿ. ಮುಂಭಾರ ಆತಂದ್ರ ಹೆಗಲು ಹುಣ್ಣಾಗತೈತಿ. ಹದಾ ನೋಡಿ ಹೇರಬೇಕು” ಎಂದಳು. ಅಮೆರಿಕೆಯ ಎಂಜಿನಿಯರು ಪುಸ್ತಕದಲ್ಲಿ ಬರೆದುದು ಇಷ್ಟೇ.

ನಮ್ಮ ಗಾಡಿಗೆ ಕೊಂಡಿಯ ಕಾಟವಿರಲಿಲ್ಲ. ಆದರೆ ಬೇರೆ ಕಾಟಗಳಿದ್ದವು. ಮೊದಲನೆಯದು ನೀರು. ಅದರ ತೊಟ್ಟಿ ನೂರು ಲೀಟರಿನದು. ಮನೆಯಲ್ಲಿ ನಲ್ಲಿ ತಿರುಗಿಸಿದಷ್ಟೇ ಸಲೀಸಾಗಿ ಇಲ್ಲಿಯೂ ತಿರುಗಿಸಿದೆವು. ಬೆಳಗಿನ ಜಾವ ಹೊರಟು ಮುರ್ಥಲ್ ದಾಟಿ, ಪಾಣಿಪತ್ತು ದಾಟಿ, ಅಂಬಾಲೆ ಸೇರುವ ಹೊತ್ತಿಗೆ ತೊಟ್ಟಿ ಬರಿದು. ಎರಡನೆಯದು ಎತ್ತರ. ಹೆದ್ದಾರಿಯಲ್ಲಿ ತೊಂದರೆಯಿಲ್ಲ. ಬೆಟ್ಟದ ಹಳ್ಳಿಯ ಹಾದಿಗೆ ತಿರುಗಿದೊಡನೆ ತಲೆಯ ಮೇಲೆ ಜೋಲುವ ವಿದ್ಯುತ್ ತಂತಿ, ಸೇಬಿನ ತೋಟದ ಕೊಂಬೆ. ನಾನು ಇಳಿದು ಕೋಲಿನಿಂದ ಕೊಂಬೆ ಎತ್ತುವುದು, ಗಾಡಿ ಹತ್ತು ಮಾರು ಮುಂದೆ ಸರಿಯುವುದು. ಮೂರನೆಯದು ನೆಲದ ಓರೆ. ಗಾಡಿ ಸಮತಟ್ಟಾದ ನೆಲದಲ್ಲಿ ನಿಲ್ಲದಿದ್ದರೆ ನಡುರಾತ್ರಿಯ ಹೊತ್ತಿಗೆ ಮಲಗಿದವರೆಲ್ಲರೂ ಒಂದೇ ಮೂಲೆಯಲ್ಲಿ ರಾಶಿಯಾಗುತ್ತಾರೆ. ಗಾಲಿಗೆ ಕಲ್ಲು ಕೊಟ್ಟು ಸರಿಮಾಡುವಷ್ಟರಲ್ಲಿ ಬೆಳಗಾಗುತ್ತದೆ.

ನಾಲ್ಕನೆಯದನ್ನು ಹೇಳಲು ಸಂಕೋಚ, ಆದರೆ ಹೇಳದೆ ವಿಧಿಯಿಲ್ಲ. ಶೌಚಗೃಹವುಳ್ಳ ಗಾಡಿಗೆ ಹೊಲಸಿನ ತೊಟ್ಟಿಯೂ ಇರುತ್ತದಷ್ಟೆ? ಅದನ್ನು ಎಲ್ಲಿ ಬರಿದುಮಾಡುವುದು? ಅಮೆರಿಕೆಯ ಬೀಡುಗಳಲ್ಲಿ ಅದಕ್ಕೆಂದೇ ಒಂದು ಕಟ್ಟೆ ಕಟ್ಟಿರುತ್ತಾರೆ. ನಾವು ಹೋದ ದಾರಿಯಲ್ಲಿ ಅಂಥದೊಂದೂ ಕಾಣಲಿಲ್ಲ. ರಾತ್ರಿ ಯಾವುದಾದರೂ ತಿರುವಿನಲ್ಲಿ ಸುರಿದರಾಯಿತು ಎಂದ ಚಾಲಕ. ತಾಯಿ ಕೆಂಗಣ್ಣು ಬಿಟ್ಟಳು. ಕಡೆಗೆ ಒಂದು ಪೆಟ್ರೋಲ್ ಬಂಕಿನವರ ಗಲ್ಲ ಹಿಡಿದು, ಹಣ ತೆತ್ತು, ಅವರ ಗುಂಡಿಗೆ ಅದನ್ನು ಸೇರಿಸಿದ್ದಾಯಿತು. ಎಲ್ಲಿ ಮನಸ್ಸಾಯಿತೋ ಅಲ್ಲಿ ನಿಲ್ಲಿಸಬಹುದೆಂಬ ಮಾತು ಅಂದಿಗೆ ಮುಗಿಯಿತು. ಗಾಡಿ ಎಷ್ಟೇ ಚೆನ್ನಾಗಿರಲಿ, ಅದು ನಿಲ್ಲುವ ನೆಲ ಚೆನ್ನಾಗಿರಬೇಕು.

ದಿಲ್ಲಿಯ ನೆಲದ ಪಾಠ

ನೆಲವನ್ನು ನಾವು ಹೇಗೆ ಆರಿಸಿದ್ದೆವು? ಮೊಬೈಲಿನಲ್ಲಿ ಚಿತ್ರ ನೋಡಿ! ಹಿಂದೆ ದೇವದಾರು, ಮುಂದೆ ಹೊಳೆ, ಮೇಲೆ ಹಿಮದ ಶಿಖರ. ಚಿತ್ರ ಕಂಡೊಡನೆ ಮಕ್ಕಳು ಕುಣಿದರು, ನಾನು ಹಣ ಕಟ್ಟಿದೆ. ನೀರೆಲ್ಲಿ, ದಾರಿ ಹೇಗೆ ಎಂದು ಒಂದು ಮಾತು ವಿಚಾರಿಸಲಿಲ್ಲ.

ನಮಗಿಂತ ಹಿಂದೆ ಇದೇ ದಿಲ್ಲಿಯಿಂದ ಬೀಡಿನ ಪ್ರವಾಸ ಹೊರಟವರು ಇಷ್ಟು ಬೇಜವಾಬ್ದಾರರಾಗಿರಲಿಲ್ಲ. ನಮ್ಮ ರೋಹಿಣಿಯ ಮಗ್ಗುಲಲ್ಲೇ ಇರುವ ಶಾಲಿಮಾರ್ ಬಾಗ್ ಇದೆಯಲ್ಲ, ಔರಂಗಜೇಬನು ಕಾಶ್ಮೀರಕ್ಕೆ ಹೊರಟಾಗ ಅವನ ಮೊದಲ ಬೀಡು ಅಲ್ಲಿಯೇ. ಜೊತೆಗೆ ಹೋಗಿದ್ದ ಫ್ರಾನ್ಸ್ ದೇಶದ ವೈದ್ಯ ಬರ್ನಿಯೆ ಅದನ್ನೆಲ್ಲ ವಿವರವಾಗಿ ಬರೆದಿಟ್ಟಿದ್ದಾನೆ. ಪ್ರಯಾಣದ ಸಿದ್ಧತೆ ಮುಗಿಯಲೆಂದು ಬಾದಶಹನು ಅಲ್ಲಿಯೇ ಆರು ದಿನ ತಂಗಿದನಂತೆ. ಅವನ ಡೇರೆಗಳು ಎರಡು ಜೊತೆ ಇದ್ದವು. ಒಂದರಲ್ಲಿ ಅವನು ಮಲಗಿದ್ದಾಗ ಇನ್ನೊಂದು ಮುಂದಿನ ಬೀಡಿಗೆ ಹೋಗಿರುತ್ತಿತ್ತು. ಇದಕ್ಕೆ ಪೇಶ್‌ಖಾನಾ ಎಂದು ಹೆಸರು. ಅದರೊಡನೆ ಹೋದ ಅಧಿಕಾರಿ ಮುಂಚಿತವಾಗಿ ನೆಲ ನೋಡಿ, ಆರಿಸಿ, ಅಳೆದು ಡೇರೆ ಹೊಡೆಸುತ್ತಿದ್ದ. ಹಿಂದುಸ್ಥಾನದ ಚಕ್ರವರ್ತಿಯೂ ನೆಲ ನೋಡದೆ ಬೀಡು ಬಿಡುತ್ತಿರಲಿಲ್ಲವೆಂದ ಮೇಲೆ ಉಳಿದವರ ಪಾಡೇನು?

ಇನ್ನೂ ಈಚೆಗೆ ಬನ್ನಿ. ೧೯೧೧ರ ಡಿಸೆಂಬರ್ ೧೨ರಂದು ಐದನೆಯ ಜಾರ್ಜ್ ದೊರೆಯ ದರ್ಬಾರು ನಡೆದದ್ದೂ ನಮ್ಮ ಉತ್ತರ ದಿಲ್ಲಿಯ ಬಯಲಿನಲ್ಲಿಯೇ. ಈಗ ಅದು ಕೊರೊನೇಷನ್ ಪಾರ್ಕ್. ದೇಶದ ರಾಜಮಹಾರಾಜರೆಲ್ಲ ಅಲ್ಲಿ ಬೀಡುಬಿಟ್ಟರು. ನಮ್ಮ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರೂ ಬಂದಿದ್ದರು. ಆ ಗುಡಾರಗಳ ನಗರಕ್ಕಾಗಿ ಮುಂಚಿತವಾಗಿಯೇ ದಾರಿ ಮಾಡಿದರು, ನೀರಿನ ಕೊಳವೆ ಎಳೆದರು, ರೈಲುದಾರಿ ಹಾಕಿದರು. ತಿಂಗಳಾದರೋ ಡಿಸೆಂಬರು: ಮಳೆಯಿಲ್ಲ, ಬಿಸಿಲಿಲ್ಲ. ಆ ಬೀಡಿನ ನೆನಪಾಗಿ ಉಳಿದ ಹೆಸರು ಕಿಂಗ್ಸ್‌ವೇ ಕ್ಯಾಂಪ್. ೧೯೪೭ರಲ್ಲಿ ಅದೇ ಕಿಂಗ್ಸ್‌ವೇ ಕ್ಯಾಂಪಿನಲ್ಲಿ, ಪಶ್ಚಿಮ ಪಂಜಾಬಿನಿಂದ ಮನೆಮಠ ಕಳೆದುಕೊಂಡು ಬಂದ ಲಕ್ಷಾಂತರ ಜನ ಡೇರೆಗಳಲ್ಲಿ ಚಳಿಗಾಲ ಕಳೆದರು. ನೆಲವನ್ನು ಆರಿಸುವ ಭಾಗ್ಯ ಅವರಿಗಿರಲಿಲ್ಲ. ಸಂತೋಷಕ್ಕಾಗಿ ಗುಡಾರ ಹೂಡುವ ನಮಗೆ ಆ ಭಾಗ್ಯವುಂಟು. ಅದನ್ನು ಉಪಯೋಗಿಸಿಕೊಳ್ಳದಿರುವುದು ನಮ್ಮದೇ ಅವಿವೇಕ.

ಹೊಳೆಯ ದಂಡೆಯಲ್ಲಿ

ಕುಲ್ಲು ಕಣಿವೆಯಲ್ಲಿ ಹರಿಯುವುದು ಬಿಯಾಸ್ ನದಿ. ಅದನ್ನು ಸೇರುವ ಒಂದು ಹೊಳೆಯ ದಂಡೆಯಲ್ಲಿ ನಮ್ಮ ಬೀಡು. ನಾವು ತಲುಪಿದಾಗ ಸಂಜೆ ಆರು ಗಂಟೆ. ಬೀಡಿನ ಯಜಮಾನ ಬಹು ಆದರದಿಂದ ನಮ್ಮನ್ನು ಎದುರುಗೊಂಡು, “ನಿಮಗಾಗಿ ಎಲ್ಲಕ್ಕಿಂತ ಒಳ್ಳೆಯ ಜಾಗ ಕಾದಿರಿಸಿದ್ದೇನೆ” ಎಂದು ಗಾಡಿಯನ್ನು ನೇರವಾಗಿ ಹೊಳೆಯ ಮರಳಿಗೆ ಇಳಿಸಿದ. ನೀರು ಇಪ್ಪತ್ತು ಮಾರು ದೂರ. ತಣ್ಣನೆಯ ಗಾಳಿ. ಚಿತ್ರದಲ್ಲಿ ಇದ್ದಂತೆಯೇ ಎಲ್ಲವೂ ಇತ್ತು. ಮಕ್ಕಳು ಆಗಲೇ ಚಪ್ಪಲಿ ಕಳಚಿ ಓಡಿದ್ದರು.

ತಾಯಿ ಮಾತ್ರ ಗಾಡಿಯಿಂದ ಇಳಿದವಳು ಹೊಳೆಯ ಕಡೆ ನೋಡಲಿಲ್ಲ. ದಂಡೆಯ ಗಿಡಗಳನ್ನು ನೋಡುತ್ತ ನಿಂತಳು. ಸ್ವಲ್ಪ ಹೊತ್ತಿನ ಮೇಲೆ ಕರೆದಳು.

“ತಮ್ಮಾ, ಈ ಜಾಗಾ ಬ್ಯಾಡ.”

“ಯಾಕವ್ವಾ? ಇಷ್ಟು ಚಂದ ಐತಿ.”

“ಚಂದ ಇರಲಿ. ಆ ಕಂಟಿ ಮ್ಯಾಲ ಕಸಾ ಸಿಕ್ಕೊಂಡೈತಿ ನೋಡು. ನನ್ನ ತಲಿಗಿಂತ ಎತ್ತರದಾಗ ಐತಿ. ಅದನ್ನ ಅಲ್ಲಿ ಇಟ್ಟವರ್ಯಾರು? ನೀರು ಇಟ್ಟು ಹೋಗೈತಿ.”

ನಾನು ನೋಡಿದೆ. ಒಣಗಿದ ಹುಲ್ಲು, ಕಡ್ಡಿ, ಒಂದು ಹರಕು ಪ್ಲಾಸ್ಟಿಕ್ ಚೀಲ. ಎಲ್ಲವೂ ಒಂದೇ ಮಟ್ಟದಲ್ಲಿ, ಗೆರೆ ಎಳೆದಂತೆ, ಗಿಡದಿಂದ ಗಿಡಕ್ಕೆ ಸಿಕ್ಕಿಕೊಂಡಿದ್ದವು. ಯಜಮಾನ ನಕ್ಕ. ಅದು ಹೋದ ಮಳೆಗಾಲದ್ದು, ಈಗ ಆಕಾಶ ಸ್ವಚ್ಛವಾಗಿದೆ, ಹೆದರಬೇಡಿ ಎಂದ. ನನಗೂ ಅದೇ ಸರಿಯೆನಿಸಿತು. ಹಗಲೆಲ್ಲ ಪ್ರಯಾಣ ಮಾಡಿ ದಣಿದಿದ್ದೆ. ಗಾಲಿಗೆ ಕಲ್ಲು ಕೊಟ್ಟು ಆಗಿತ್ತು. ಆದರೆ ತಾಯಿ ದಂಡೆಯ ಮೇಲಿನ ಕಟ್ಟೆಗೆ ಹೋಗಿ ಕುಳಿತುಬಿಟ್ಟಳು. ತಾನು ಅಲ್ಲಿಯೇ ರಾತ್ರಿ ಕಳೆಯುವುದಾಗಿಯೂ ಮೊಮ್ಮಕ್ಕಳನ್ನು ತನ್ನ ಹತ್ತಿರ ಕಳಿಸಬೇಕೆಂದೂ ಹೇಳಿದಳು. ವಾದ ನಡೆಯಿತು. ನಾನು ಆಡಬಾರದ ಒಂದೆರಡು ಮಾತು ಆಡಿದೆ. ಕಡೆಗೆ ಕತ್ತಲಾದ ಮೇಲೆ, ಟಾರ್ಚು ಹಿಡಿದು, ಎಲ್ಲರೂ ಗೊಣಗುತ್ತ, ಗಾಡಿಯನ್ನು ಮೇಲೆ ತಂದು ಒಂದು ಗೋದಾಮಿನ ಹಿಂದೆ ನಿಲ್ಲಿಸಿದೆವು. ಅಲ್ಲಿಂದ ಹೊಳೆ ಕಾಣುತ್ತಿರಲಿಲ್ಲ, ಸದ್ದು ಮಾತ್ರ ಕೇಳುತ್ತಿತ್ತು.

ಆ ರಾತ್ರಿ ಹೊಳೆ ಏರಲಿಲ್ಲ. ಬೆಳಿಗ್ಗೆ ನೋಡಿದರೆ ನಾವು ಬಿಟ್ಟುಬಂದ ಮರಳು ಒಣಗಿಯೇ ಇತ್ತು. ಚಾಲಕ ಮುಸಿಮುಸಿ ನಕ್ಕ. ನಾನೂ ತಾಯಿಯನ್ನು ಸ್ವಲ್ಪ ಹಾಸ್ಯ ಮಾಡಿದೆ. ಆಕೆ ಏನೂ ಹೇಳಲಿಲ್ಲ.

ಹಿಂದಿರುಗುವಾಗ ಹಾಸ್ಯ ನಿಂತಿತು. ಕುಲ್ಲುವಿನಿಂದ ಮಂಡಿಗೆ ಬರುವ ದಾರಿಯಲ್ಲಿ ಥಲೋಟ್ ಎಂಬ ಊರಿದೆ. ಚಾಲಕನೇ ಕೈ ತೋರಿಸಿ ಹೇಳಿದ. ೨೦೧೪ರ ಜೂನ್ ೮ರ ಸಂಜೆ ಹೈದರಾಬಾದಿನಿಂದ ಪ್ರವಾಸ ಬಂದಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅಲ್ಲಿ ಬಿಯಾಸ್ ನದಿಗಿಳಿದು ಬಂಡೆಗಳ ಮೇಲೆ ನಿಂತು ಚಿತ್ರ ತೆಗೆಯುತ್ತಿದ್ದರು. ಮೇಲ್ಗಡೆಯ ಲಾರ್ಜಿ ಅಣೆಕಟ್ಟಿನಿಂದ ನೀರು ಬಿಟ್ಟರು. ನಿಮಿಷಗಳಲ್ಲಿ ನದಿ ಏರಿತು. ಇಪ್ಪತ್ತನಾಲ್ಕು ಮಕ್ಕಳು ಕೊಚ್ಚಿಹೋದರು. ಅಂದು ಅಲ್ಲಿ ಮಳೆಯ ಪ್ರವಾಹವೇನೂ ಇರಲಿಲ್ಲ. ಹೊಳೆ ಮೇಲ್ನೋಟಕ್ಕೆ ಆಟದ ಬಯಲಿನಂತೆ ಇತ್ತು.

ಈ ಮಾತನ್ನು ಪ್ರತಿಯೊಬ್ಬ ತಂದೆತಾಯಿಯೂ ಅರಿತಿರಬೇಕು. ಬೆಟ್ಟದ ನದಿ ಏರಲು ಮೂರು ಕಾರಣಗಳುಂಟು. ಒಂದು, ಮಳೆ. ಅದು ನಿಮ್ಮ ತಲೆಯ ಮೇಲೆ ಬೀಳಬೇಕೆಂದಿಲ್ಲ. ಕಣ್ಣಿಗೆ ಕಾಣದ ಯಾವುದೋ ಕಣಿವೆಯ ತುದಿಯಲ್ಲಿ ಬಿದ್ದರೂ ಸಾಕು. ಎರಡು, ಹಿಮ. ಹಗಲಿನ ಬಿಸಿಲಿಗೆ ಕರಗಿದ ಹಿಮದ ನೀರು ಕೆಳಗೆ ಬರುವುದು ಮಧ್ಯಾಹ್ನದ ಮೇಲೆ. ಆದುದರಿಂದ ಬೆಳಿಗ್ಗೆ ಮೊಣಕಾಲುದ್ದ ಇದ್ದ ತೊರೆ ಸಂಜೆ ತೊಡೆಯುದ್ದ ಆಗುತ್ತದೆ. ಮೂರು, ವಿದ್ಯುತ್ತು. ಸಂಜೆ ಊರೂರಿನಲ್ಲಿ ದೀಪ ಹತ್ತುವಾಗ ಬೇಡಿಕೆ ಹೆಚ್ಚುತ್ತದೆ. ಹಗಲು ಹಿಡಿದಿಟ್ಟ ನೀರನ್ನು ಆಗ ಯಂತ್ರಕ್ಕೆ ಬಿಡುತ್ತಾರೆ. ಕೆಳಗಿನ ನದಿಗೆ ಅದು ಇದ್ದಕ್ಕಿದ್ದಂತೆ ಬರುತ್ತದೆ. ನಮ್ಮ ಸಂಸಾರಗಳು ಬೀಡಿಗೆ ಬಂದು ಸೇರುವುದೂ ಸಂಜೆಯೇ ಎಂಬುದನ್ನು ನೆನಪಿಡಬೇಕು. ೨೦೨೩ರ ಜುಲೈ ತಿಂಗಳಿನಲ್ಲಿ ಇದೇ ಬಿಯಾಸ್ ನದಿ ಮಂಡಿ, ಕುಲ್ಲು ಜಿಲ್ಲೆಗಳಲ್ಲಿ ಹೆದ್ದಾರಿಯನ್ನೂ ಕಟ್ಟಡಗಳನ್ನೂ ಕೊಚ್ಚಿಕೊಂಡು ಹೋದುದನ್ನು ದೇಶವೆಲ್ಲ ನೋಡಿತು.

ಅವ್ವನ ಪ್ರಶ್ನೆಗಳು

ಆ ದಿನ ಗಾಡಿಯಲ್ಲಿ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಬಿಲಾಸಪುರ ದಾಟಿದ ಮೇಲೆ ನಾನೇ ಕೇಳಿದೆ: “ಅವ್ವಾ, ಜಾತ್ರೆಗೆ ಹೋಗುವಾಗ ಬಂಡಿ ಬಿಡೋ ಜಾಗಾ ಹೆಂಗ ಆರಿಸ್ತಿದ್ರಿ?” ಆಕೆ ಹೇಳಿದ ಪ್ರಶ್ನೆಗಳನ್ನೂ, ಅವಕ್ಕೆ ನಾನು ಇಂದಿನ ಕಾಲಕ್ಕೆ ತಕ್ಕಂತೆ ಸೇರಿಸಿದ ಉತ್ತರಗಳನ್ನೂ ಓದುಗರ ಉಪಯೋಗಕ್ಕಾಗಿ ಇಲ್ಲಿ ಕೊಡುತ್ತೇನೆ.

ನೀರೆಲ್ಲಿ ಐತಿ, ಅದು ಬರೋದೆಲ್ಲಿಂದ? ಕುಡಿಯುವ ನೀರು ನಡೆದು ಹೋಗುವಷ್ಟು ಹತ್ತಿರವಿರಬೇಕು. ಆದರೆ ನೀರು ನಿಮ್ಮ ಹತ್ತಿರ ಬರುವಂತಿರಬಾರದು. ಒಣಗಿದ ಹಳ್ಳದಲ್ಲಿಯೂ ನದಿಯ ಮರಳಿನಲ್ಲಿಯೂ ಎಂದಿಗೂ ಮಲಗಕೂಡದು. ಗಿಡಕ್ಕೆ ಸಿಕ್ಕ ಕಸ, ಬಂಡೆಯ ಮೇಲಿನ ಕೆಸರಿನ ಗೆರೆ, ಇವೇ ಹೊಳೆಯ ಸಹಿ. ಆ ಗೆರೆಗಿಂತ ಮೇಲೆ ಜಾಗ ನೋಡಿ. ಮೇಲ್ಗಡೆ ಅಣೆಕಟ್ಟು ಇದೆಯೇ ಎಂದು ಬೀಡಿನ ಯಜಮಾನನನ್ನಲ್ಲ, ಊರಿನವರನ್ನು ಕೇಳಿ.

ಮ್ಯಾಲೇನೈತಿ? ಒಣಕೊಂಬೆಯ ಮರ, ಸಡಿಲ ಕಲ್ಲಿನ ಗುಡ್ಡ, ವಿದ್ಯುತ್ ತಂತಿ ಈ ಮೂರರ ಕೆಳಗೆ ಬೀಡು ಸಲ್ಲದು. ಹೊಸ ರಸ್ತೆಗಾಗಿ ಗುಡ್ಡ ಕಡಿದ ಜಾಗವಾದರಂತೂ ಮಳೆಗಾಲದಲ್ಲಿ ದೂರದಿಂದಲೇ ನಮಸ್ಕಾರ. ಬಯಲಿನಲ್ಲಿರುವ ಒಂಟಿಮರ ಸಿಡಿಲಿಗೆ ಪ್ರಿಯ.

ಬಂಡಿ ತಿರುಗೋದೆಲ್ಲಿ? ಒಳಗೆ ಹೋದ ಗಾಡಿ ಹಿಮ್ಮುಖವಾಗಿಯೇ ಹೊರಬರಬೇಕಾದ ಜಾಗ ರಾತ್ರಿಯ ಆಪತ್ತಿಗೆ ಬೋನಿದ್ದಂತೆ. ಬಂದೊಡನೆ ಗಾಡಿಯ ಮುಖ ದಾರಿಯ ಕಡೆಗೆ ತಿರುಗಿಸಿಯೇ ನಿಲ್ಲಿಸಿರಿ. ಇದಕ್ಕೆ ಕಾಸಿನ ಖರ್ಚಿಲ್ಲ.

ಹೆಣ್ಮಕ್ಕಳು ಹೋಗೋದೆಲ್ಲಿ? ಇದನ್ನು ಕೇಳಲು ಗಂಡಸರಿಗೆ ನಾಚಿಕೆ, ಹೇಳಲು ಹೆಂಗಸರಿಗೆ ನಾಚಿಕೆ. ಹೀಗಾಗಿ ಮನೆಯ ಹೆಂಗಸರು ದಿನವಿಡೀ ನೀರು ಕುಡಿಯದೆ ಕಳೆಯುತ್ತಾರೆ. ಹಣ ಕಟ್ಟುವ ಮುನ್ನವೇ ಈ ಪ್ರಶ್ನೆ ಕೇಳಬೇಕು: ಎಷ್ಟು ಶೌಚಗೃಹ, ಎಷ್ಟು ದೂರ, ರಾತ್ರಿ ದೀಪವುಂಟೆ, ಒಳಗೆ ಅಗುಳಿ ಉಂಟೆ? ಏನೂ ಇಲ್ಲದ ಕಾಡಿನಲ್ಲಾದರೆ ನೀರಿನಿಂದ ಅರವತ್ತು ಮೀಟರಿಗಿಂತ ದೂರದಲ್ಲಿ ಒಂದು ಗೇಣು ಆಳದ ಗುಂಡಿ ತೋಡಿ, ಮೇಲೆ ಮಣ್ಣು ಮುಚ್ಚುವುದು ಧರ್ಮ.

ಪಕ್ಕದಾಗ ಯಾರದಾರ? ಜಾತ್ರೆಯಲ್ಲಿ ತಮ್ಮ ಊರಿನ ಬಂಡಿಗಳ ಸಾಲಿನಲ್ಲಿಯೇ ಬಿಡುತ್ತಿದ್ದರಂತೆ. ನಾವು ಎರಡನೆಯ ರಾತ್ರಿ ತಂಗಿದ ಬೀಡಿನಲ್ಲಿ ಪಕ್ಕದವರು ಎರಡು ಗಂಟೆಯವರೆಗೆ ಧ್ವನಿವರ್ಧಕ ಹಚ್ಚಿ ಕುಣಿದರು. ಹಿಮಾಲಯದ ಮೌನಕ್ಕಾಗಿ ಐನೂರು ಕಿಲೋಮೀಟರು ಹೋಗಿ ರೋಹಿಣಿಯ ಮದುವೆಯ ಮೆರವಣಿಗೆಯನ್ನೇ ಕೇಳಿದಂತಾಯಿತು. ಸಂಸಾರಸ್ಥರ ಬೀಡೇ, ಹುಡುಗರ ಬೀಡೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ನೆಲ ಯಾರದು? ಇದು ತಾಯಿಯ ಕೊನೆಯ ಪ್ರಶ್ನೆ. ಹೊಲದವನನ್ನು ಕೇಳದೆ ಅವರು ಎತ್ತು ಬಿಚ್ಚುತ್ತಿರಲಿಲ್ಲ. ಹಳೆಯ ಮೈಸೂರಿನ ಕಡೆ ದಾರಿಹೋಕರಿಗೆಂದೇ ಊರ ಹೊರಗೆ ಗುಂಡುತೋಪುಗಳಿದ್ದವು. ಮಾವು, ಹುಣಿಸೆ, ಹೊಂಗೆಯ ನೆರಳು, ಹತ್ತಿರದಲ್ಲಿ ಕೆರೆ. ಬೀಡಿನ ನೆಲದ ಲಕ್ಷಣಗಳನ್ನೆಲ್ಲ ನಮ್ಮ ಹಿರಿಯರು ಗಿಡ ನೆಟ್ಟೇ ಬರೆದಿಟ್ಟಿದ್ದರು. ಇಂದು ಹಿಮಾಲಯದಲ್ಲಿ ಈ ಪ್ರಶ್ನೆ ಇನ್ನೂ ಮುಖ್ಯ. ಹೃಷೀಕೇಶದ ಮೇಲ್ಗಡೆ ಗಂಗೆಯ ಮರಳಿನಲ್ಲಿ ಸಾಲುಸಾಲು ಗುಡಾರಗಳೆದ್ದು ನದಿ ಹೊಲಸಾಗುತ್ತಿದೆಯೆಂದು ದೂರು ಹೋದಾಗ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ೨೦೧೫ರಲ್ಲಿ ಅವಕ್ಕೆ ತಡೆ ಹಾಕಿತು. ಬುಗ್ಯಾಲ್ ಎಂದು ಕರೆಯುವ ಎತ್ತರದ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗಬಾರದೆಂದು ಉತ್ತರಾಖಂಡದ ಉಚ್ಚ ನ್ಯಾಯಾಲಯ ೨೦೧೮ರಲ್ಲಿ ಆದೇಶ ಮಾಡಿತು. ಅನುಮತಿಯಿಲ್ಲದ ನೆಲದಲ್ಲಿ ಬೀಡುಬಿಟ್ಟವರು ನಡುರಾತ್ರಿ ಎದ್ದು ಹೊರಡಬೇಕಾದೀತು.

ಇನ್ನೆರಡು ಎಚ್ಚರಿಕೆ

ಇವು ತಾಯಿಯ ಅನುಭವಕ್ಕೆ ಹೊರಗಿನವು, ಏಕೆಂದರೆ ಸವಣೂರಿನಲ್ಲಿ ಹಿಮಾಲಯದ ಎತ್ತರವೂ ಇಲ್ಲ, ಚಳಿಯೂ ಇಲ್ಲ.

ಸಾವಿರ ಮೀಟರು ಏರಿದರೆ ಹವೆ ಸುಮಾರು ಆರೂವರೆ ಡಿಗ್ರಿ ತಣ್ಣಗಾಗುತ್ತದೆ. ಬೇಸಗೆಯಲ್ಲಿ ರೋಹಿಣಿ ಬಿಟ್ಟವರು ಕಂಬಳಿ ಮರೆಯುತ್ತಾರೆ. ಆಗ ಚಳಿ ತಡೆಯಲಾರದೆ ಇದ್ದಿಲಿನ ಅಂಗೀಠಿಯನ್ನು ಗುಡಾರದೊಳಗೋ ಗಾಡಿಯೊಳಗೋ ತಂದು ಬಾಗಿಲು ಮುಚ್ಚಿ ಮಲಗುತ್ತಾರೆ. ಇದ್ದಿಲು ಅರೆಬರೆ ಉರಿದಾಗ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದಿಲ್ಲ. ದಿಲ್ಲಿಯ ಚಳಿಗಾಲದಲ್ಲಿಯೂ ಇಂಥ ಸುದ್ದಿ ಪತ್ರಿಕೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಬೆಂಕಿ ಹೊರಗೆ, ಕಂಬಳಿ ಒಳಗೆ ಎಂಬುದನ್ನು ಮಂತ್ರದಂತೆ ನೆನಪಿಡಬೇಕು.

ಎರಡನೆಯದು ಎತ್ತರ. ೨೦೨೦ರ ಅಕ್ಟೋಬರಿನಲ್ಲಿ ಮನಾಲಿಯ ಮೇಲ್ಗಡೆ ಒಂಬತ್ತು ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆದ ಮೇಲೆ ಲಾಹೌಲ್ ಪ್ರಾಂತಕ್ಕೆ ಹೋಗುವುದು ಸುಲಭವಾಗಿದೆ. ಸುಲಭವಾದುದೇ ತೊಂದರೆ. ಮನಾಲಿ ಸುಮಾರು ಎರಡು ಸಾವಿರ ಮೀಟರು ಎತ್ತರ. ಚಂದ್ರತಾಲ್ ಸರೋವರ ನಾಲ್ಕು ಸಾವಿರಕ್ಕೂ ಮೇಲೆ. ಒಂದೇ ದಿನದಲ್ಲಿ ಅಷ್ಟು ಏರಿ ಅಲ್ಲಿಯೇ ಮಲಗಿದರೆ ದೇಹ ಒಗ್ಗದು. ತಲೆನೋವು, ವಾಂತಿ, ಉಸಿರಿನ ಏದು ಕಂಡರೆ ನೋಟ ಎಷ್ಟೇ ಸುಂದರವಾಗಿರಲಿ, ತಡಮಾಡದೆ ಕೆಳಗಿಳಿಯುವುದೇ ಮದ್ದು. ಮಕ್ಕಳನ್ನೂ ಮುದುಕರನ್ನೂ ಕರೆದೊಯ್ಯುವವರು ಮಧ್ಯೆ ಒಂದೆರಡು ರಾತ್ರಿ ತಂಗಿ, ಮೆಲ್ಲಗೆ ಏರಬೇಕು.

ಇಷ್ಟೆಲ್ಲ ಕೇಳಿದ ಮೇಲೆ ಪ್ರವಾಸವೇ ಬೇಡವೆಂದು ಯಾರಾದರೂ ಅಂದುಕೊಂಡರೆ ನನ್ನ ಲೇಖನ ಸೋತಂತೆ. ಗೋದಾಮಿನ ಹಿಂದೆ ಗಾಡಿ ನಿಲ್ಲಿಸಿದ ಆ ರಾತ್ರಿಯೇ ನಮ್ಮ ಪ್ರವಾಸದ ಅತ್ಯಂತ ಸೊಗಸಾದ ರಾತ್ರಿಯಾಗಿತ್ತು. ಜಗಳ ಮುಗಿದು, ಅನ್ನ ಸಾರು ಉಂಡು, ಎಲ್ಲರೂ ಹೊರಗೆ ಚಾಪೆ ಹಾಸಿ ಮಲಗಿದೆವು. ರೋಹಿಣಿಯ ಆಕಾಶದಲ್ಲಿ ಕಾಣದ ನಕ್ಷತ್ರಗಳೆಲ್ಲ ಅಲ್ಲಿ ಕಂಡವು. ತಾಯಿ ಮೊಮ್ಮಕ್ಕಳಿಗೆ ಯಲ್ಲಮ್ಮನ ಗುಡ್ಡದ ಹಾದಿಯ ಕಥೆ ಹೇಳಿದಳು. ಎತ್ತಿನ ಕೊರಳಗಂಟೆ ಕೇಳುತ್ತ ಬಂಡಿಯಲ್ಲಿ ನಿದ್ದೆ ಹೋಗುತ್ತಿದ್ದುದು, ಬೆಳಗಾಗೆದ್ದು ನೋಡಿದರೆ ಬೇರೊಂದು ಊರು. ನಾನು ಅವಳ ಮಗನಾಗಿಯೂ ಆ ಕಥೆಯನ್ನು ಅಂದಿನವರೆಗೆ ಕೇಳಿರಲಿಲ್ಲ.

ಈ ಚಳಿಗಾಲದಲ್ಲಿ ನಮ್ಮ ಬಡಾವಣೆಯ ನಾಲ್ಕಾರು ಕನ್ನಡ ಸಂಸಾರಗಳು ಕೂಡಿ ರಾಜಸ್ಥಾನದ ಕಡೆ ಗುಡಾರದ ಪ್ರವಾಸ ಹೋಗಬೇಕೆಂದು ಮಾತಾಡಿಕೊಂಡಿದ್ದೇವೆ. ಗಾಡಿ ಯಾವುದು, ಬಾಡಿಗೆ ಎಷ್ಟು ಎಂಬುದರ ಲೆಕ್ಕ ಹುಡುಗರ ಪಾಲಿಗೆ. ನೆಲವನ್ನು ನೋಡಿ ಬರಲು ಮಾತ್ರ ಒಂದು ವಾರ ಮುಂಚೆ ಇಬ್ಬರು ಹೋಗುವುದೆಂದು ಗೊತ್ತಾಗಿದೆ. ಅವರಲ್ಲಿ ಒಬ್ಬನು ನಾನು. ಇನ್ನೊಬ್ಬಳು ನನ್ನ ತಾಯಿ.